ಪರದೆಗೆ ಬೆನ್ನು ಹಾಕಿ ನಿಂತವರು

ಟಿವಿ ಇರುವ ಯಾವ ಕೋಣೆಗೆ ಕಾಲಿಟ್ಟರೂ ಅವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಟಿವಿಗೆ ಬೆನ್ನು ಹಾಕಿ ನಿಲ್ಲುವುದು. ಕಾಯಿಲೆಯವನನ್ನು ಮಂಚದ ಮೇಲೆ ಬಿಟ್ಟು ಅವನ ನೆಂಟರ ನಾಡಿ ಹಿಡಿಯುವ ವೈದ್ಯರನ್ನು ಯಾರಾದರೂ ಕಂಡಿದ್ದರೆ ಅವರಿಗೆ ಈ ದೃಶ್ಯದ ಅಂದಾಜು ಸಿಕ್ಕೀತು. ಪರದೆಯ ಮೇಲೆ ಚಿತ್ರ ಚೌಕಚೌಕವಾಗಿ ಒಡೆದು ಬೀಳುತ್ತಿರಲಿ, ಸದ್ದು ತೊದಲುತ್ತಿರಲಿ, ನೀಲಿಯ ನಡುವೆ ‘ಸಿಗ್ನಲ್ ಇಲ್ಲ’ ಎಂಬೆರಡು ಪದಗಳು ಅನಾಥವಾಗಿ ತೇಲುತ್ತಿರಲಿ, ಅವರು ಅತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೋಟಿನ ಜೇಬುಗಳಿಗೆ ಕೈ ಇಳಿಬಿಟ್ಟು, ಎದುರಿಗೆ ಕುಳಿತ ಮನೆಮಂದಿಯ ಮುಖಗಳನ್ನು ಒಂದೊಂದಾಗಿ, ಮೋಡ ನೋಡುವವರ ಸಾವಧಾನದಿಂದ ನೋಡುತ್ತಿದ್ದರು. ಚಿತ್ರ ಸರಿಹೋಯಿತೋ ಇಲ್ಲವೋ ಎಂಬುದನ್ನು ಅವರು ತಿಳಿಯುತ್ತಿದ್ದುದೂ ಆ ಮುಖಗಳಿಂದಲೇ. “ಟಿವಿ ಸುಳ್ಳು ಹೇಳುತ್ತೆ ತಮ್ಮಾ,” ಎಂದು ಒಮ್ಮೆ ನನಗೆ ಹೇಳಿದ್ದರು. “ಒಂದು ನಿಮಿಷ ಚೆನ್ನಾಗಿ ಬಂದು, ನಾನು ಮೆಟ್ಟಿಲಿಳಿಯೋಷ್ಟರಲ್ಲಿ ಕೈಕೊಡುತ್ತೆ. ನೋಡೋರ ಮುಖ ಹಾಗಲ್ಲ. ಹುಬ್ಬು ಇಳಿದು ಬಾಯಿ ಚೂರು ತೆರೀತು ಅಂದ್ರೆ ಕೆಲಸ ಆಯ್ತು ಅಂತಲೇ ಅರ್ಥ.”

ಅವರ ಕಸುಬು ಏರಿಯಲ್ ರಿಪೇರಿ. ತಾರಸಿಗಳ ಅಂಚಿನಲ್ಲಿ, ನೀರಿನ ತೊಟ್ಟಿಗಳ ಮಗ್ಗುಲಲ್ಲಿ, ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ ನಿಂತಿರುವ ಲೋಹದ ಕಡ್ಡಿಗಳನ್ನು ನೆಡುವುದು, ತಿರುಗಿಸುವುದು, ಬಿದ್ದದ್ದನ್ನು ಎತ್ತಿ ನಿಲ್ಲಿಸುವುದು. ಬೀದಿಯವರು ಅವರಿಗೆ ಇಟ್ಟ ಹೆಸರು ಕೊಕ್ಕರೆ. ಎದುರಿಗೆ ಸಿಕ್ಕರೆ ಕೊಕ್ಕರೆಯವರು. ಉದ್ದನೆಯ ಕಾಲು, ಅದಕ್ಕಿಂತ ಉದ್ದನೆಯ ಕತ್ತು, ಆ ಕತ್ತು ಸದಾ ಆಕಾಶಕ್ಕೆ. ದಾರಿಯಲ್ಲಿ ನಡೆಯುವಾಗ ಅವರ ದೃಷ್ಟಿಯೆಲ್ಲ ಮನೆಗಳ ನೆತ್ತಿಯ ಮೇಲೆ. ನೆಲದ ಮೇಲಿನ ವ್ಯವಹಾರವನ್ನು ಅವರು ಸಂಪೂರ್ಣವಾಗಿ ಕಾಲುಗಳಿಗೇ ಬಿಟ್ಟುಕೊಟ್ಟಿದ್ದರು, ಕಾಲುಗಳು ಆ ಹೊಣೆಯನ್ನು ಅಷ್ಟೇನೂ ಚೆನ್ನಾಗಿ ನಿಭಾಯಿಸುತ್ತಿರಲಿಲ್ಲ. ಊರಿನ ಯಾವ ಹೊಸ್ತಿಲು ಎಷ್ಟು ಎತ್ತರ ಎಂಬುದನ್ನು ಅವರ ಕಾಲಿನ ಹೆಬ್ಬೆರಳುಗಳನ್ನು ಕೇಳಿ ತಿಳಿಯಬಹುದಾಗಿತ್ತು. ಆದರೆ ಕಿಟಕಿಯೇ ಇಲ್ಲದ ಕೋಣೆಯಲ್ಲಿ ನಿಲ್ಲಿಸಿ, ಕಣ್ಣು ಕಟ್ಟಿ ಮೂರು ಸುತ್ತು ತಿರುಗಿಸಿ ಕೇಳಿದರೂ, ಊರಾಚೆಯ ಗುಡ್ಡದ ಮೇಲಿನ ಪ್ರಸಾರ ಗೋಪುರ ಯಾವ ದಿಕ್ಕಿಗಿದೆ ಎಂದು ಹೆಬ್ಬೆಟ್ಟು ತೋರಿಸಿ ಹೇಳುತ್ತಿದ್ದರು. ಬೆರಳು ತೋರಿಸುವುದು ಅವರಿಗೆ ಅಗೌರವವೆನಿಸುತ್ತಿತ್ತು.

ಕೋಟಿನ ವಿಷಯ ಹೇಳದಿದ್ದರೆ ಅವರ ಅರ್ಧ ದೇಹವನ್ನೇ ಬಿಟ್ಟಂತೆ. ಈಗ ಬೂದು ಬಣ್ಣದ್ದು, ಹಿಂದೆ ಯಾವ ಬಣ್ಣದ್ದಾಗಿತ್ತೆಂದು ಅವರ ಹೆಂಡತಿಗೂ ನೆನಪಿಲ್ಲ. ಅಂಗಡಿಯಲ್ಲಿ ಕೊಂಡಾಗ ಅದಕ್ಕೆ ಎರಡು ಜೇಬಿದ್ದವು. ಉಳಿದ ಏಳನ್ನು ಆಕೆ ವರುಷಕ್ಕೊಂದರಂತೆ, ಒಂದೊಂದನ್ನೂ ಬೈದುಕೊಂಡೇ ಹೊಲಿದು ಸೇರಿಸಿದ್ದರು. ಒಂದರಲ್ಲಿ ಕಪ್ಪು ಟೇಪು, ಒಂದರಲ್ಲಿ ಮಡಚುವ ಚಾಕು, ಒಂದರಲ್ಲಿ ಕೇಬಲ್ಲಿನ ತುದಿಗೆ ಸಿಕ್ಕಿಸುವ ತಿರುಪುಗಳು, ಎದೆಯ ಬಳಿಯದರಲ್ಲಿ ಸಿಗ್ನಲ್ ಅಳೆಯುವ ಒಂದು ಪುಟ್ಟ ಮೀಟರು. ಆ ಮೀಟರಿಗೆ ಅವರು ಇಟ್ಟ ಹೆಸರು ‘ಸಾಕ್ಷಿ’. ಸಾಕ್ಷಿಯನ್ನು ಹೊರಗೆ ತೆಗೆಯುತ್ತಿದ್ದುದು ಮನೆಯವರು ವಾದಕ್ಕಿಳಿದಾಗ ಮಾತ್ರ.

ಇನ್ನು ಮಾತು. ಚಾನೆಲ್ ಹೋಗಿದೆ ಎಂದು ಯಾರಾದರೂ ಅಂದರೆ ಅವರು ಸಹಿಸುತ್ತಿರಲಿಲ್ಲ. “ಎಲ್ಲೂ ಹೋಗಿಲ್ಲ. ಅದು ಬಂದಿದೆ. ಬಾಗಿಲಲ್ಲೇ ನಿಂತಿದೆ. ಒಳಗೆ ಕರ್ಕೋಬೇಕು, ಅಷ್ಟೆ.” ಈ ನಾಲ್ಕು ತುಣುಕು ವಾಕ್ಯಗಳನ್ನು ಅವರು ದಿನಕ್ಕೆ ಹತ್ತು ಬಾರಿಯಾದರೂ, ಪ್ರತಿ ಬಾರಿಯೂ ಆಗತಾನೇ ಹೊಳೆದಂತೆ ಹೇಳುತ್ತಿದ್ದರು. ಆಮೇಲೆ ಮೂರು ಪ್ರಶ್ನೆ: ಯಾವುದು ಮೊದಲು ಹೋಯಿತು, ಯಾವತ್ತು ಹೋಯಿತು, ಅವತ್ತು ಮನೆಯಲ್ಲಿ ಏನಾಯಿತು. ಉತ್ತರ ಸಿಗುವವರೆಗೂ ಒಂದು ತಿರುಪನ್ನೂ ಮುಟ್ಟುತ್ತಿರಲಿಲ್ಲ. ಒಬ್ಬ ನಿವೃತ್ತ ಗುಮಾಸ್ತರ ಮನೆಯಲ್ಲಿ ದಿನವೂ ಸಂಜೆ ಆರೂವರೆಗೆ ಸರಿಯಾಗಿ ಚಿತ್ರ ಒಡೆಯುತ್ತಿತ್ತು. ನಮ್ಮ ಕಥಾನಾಯಕರು ಏರಿಯಲ್ಲಿನ ಹತ್ತಿರ ಸುಳಿಯಲೂ ಇಲ್ಲ. ಆರೂವರೆಯವರೆಗೆ ಕುಳಿತು, ಗುಮಾಸ್ತರು ಎದ್ದುಹೋಗಿ ಬಾಲ್ಕನಿಯ ಹೊಸ ದೀಪ ಹಾಕಿದ್ದನ್ನು ನೋಡಿ, ಸಿಗ್ನಲ್ಲಿಗೆ ಅಡ್ಡಬರುತ್ತಿದ್ದ ಆ ದೀಪವನ್ನು ಬಿಚ್ಚಿ ಅವರ ಕೈಗಿತ್ತು ಬಂದರು. ಮತ್ತೊಬ್ಬರು, ಚಿತ್ರ ಇನ್ನೂ ಚೆನ್ನಾಗಿ ಬರಲೆಂದು ಸಿಗ್ನಲ್ ಹೆಚ್ಚಿಸುವ ಒಂದು ಡಬ್ಬಿ ತಂದು ಹಾಕಿಸಿಕೊಂಡು ಇದ್ದಬದ್ದ ಚಾನೆಲ್ಲನ್ನೂ ಕಳೆದುಕೊಂಡಿದ್ದರು. ಇವರು ಡಬ್ಬಿಯನ್ನು ಕಿತ್ತರು, ಎಲ್ಲವೂ ಬಂದವು. “ಅಷ್ಟು ದೊಡ್ಡ ಅಂಗಡೀಲಿ ತಂದಿದ್ದು!” ಎಂದು ಮನೆಯಾತ ರೇಗಿದರೆ, “ಕಿವಿಗೆ ಬಾಯಿಟ್ಟು ಕಿರುಚಿದ್ರೆ ಏನ್ ಸ್ವಾಮಿ ಕೇಳಿಸುತ್ತೆ?” ಎಂದು ಕೇಳಿ ಸಾಕ್ಷಿಯನ್ನು ಹೊರತೆಗೆದರು.

ಈಗ ನನ್ನ ವಿಷಯ; ಚಿಕ್ಕದು, ಬೇಗ ಮುಗಿಸುತ್ತೇನೆ. ನಾನು ಟಿವಿ ಮಾರುವ ಒಂದು ಕಂಪನಿಯ ಸಹಾಯವಾಣಿಯಲ್ಲಿ ಕೂಲಿ. ಕಿವಿಗೊಂದು ಕಪ್ಪು ಬಟ್ಟಲು ಸಿಕ್ಕಿಸಿಕೊಂಡು, ಮುಂದೆ ಅಂಟಿಸಿದ ಕಾಗದದಲ್ಲಿನ ಆರು ಸೂಚನೆಗಳನ್ನು ದಿನಕ್ಕೆ ನಲವತ್ತು ಜನರಿಗೆ ಓದಿ ಹೇಳುವುದು ನನ್ನ ವಿದ್ವತ್ತು. ಒಂದು, ಟಿವಿ ಆರಿಸಿ ಹಾಕಿ. ಎರಡು, ಹಿಂದಿನ ವೈರು ಗಟ್ಟಿಯಾಗಿದೆಯೇ ನೋಡಿ. ಮೂರು, ಚಾನೆಲ್‌ಗಳನ್ನು ಮತ್ತೆ ಹುಡುಕಿಸಿ. ನಾಲ್ಕರಿಂದ ಆರರವರೆಗೆ ಏನಿದೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ, ಏಕೆಂದರೆ ಮೂರನೆಯದಕ್ಕೇ ಜನ ಫೋನಿಡುತ್ತಿದ್ದರು. ಅದು ಸಮಾಧಾನದಿಂದಲೆಂದು ನಾನು ನಂಬಿಕೊಂಡಿದ್ದೆ. ನಾನಿರುವುದು ಒಂದು ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ. ಕೆಳಗೆ ಮನೆಯೊಡತಿ, ಅರವತ್ತೈದರ ವಿಧವೆ, ಒಂದು ಕಾಲದಲ್ಲಿ ಸುತ್ತಲಿನ ನಾಲ್ಕು ಶಾಲೆಗಳ ಸಮವಸ್ತ್ರವನ್ನೆಲ್ಲ ಒಬ್ಬರೇ ಹೊಲಿದವರು, ಈಗ ಮಂಡಿನೋವಿನಿಂದ ಅದನ್ನು ಬಿಟ್ಟು ಬಾಡಿಗೆದಾರನ ತಪ್ಪುಗಳನ್ನು ಹುಡುಕುವ ಹಗುರ ಕೆಲಸಕ್ಕೆ ಇಳಿದವರು. ನಾನು ಅವರ ಕೈಗೆ ಬೇಕಾದಷ್ಟು ಕೆಲಸ ಕೊಟ್ಟಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಅವರು ಮೆಟ್ಟಿಲ ಬುಡದಲ್ಲಿ ನನ್ನನ್ನು ಅಡ್ಡಗಟ್ಟಿದರು. “ಏನಪ್ಪಾ, ಊರವರ ಟಿವಿಯೆಲ್ಲ ಸರಿ ಮಾಡ್ತೀಯ. ನಮ್ಮದನ್ನ ನೋಡೋಕೆ ನಾನೂ ಫೋನೇ ಮಾಡ್ಬೇಕಾ?”

ನಿನ್ನೆ ಮಧ್ಯಾಹ್ನದಿಂದ ಒಂದು ಚಾನೆಲ್ ಇಲ್ಲವಂತೆ, ಉಳಿದವು ಆಗಾಗ ಒಡೆಯುತ್ತವಂತೆ. ಹೋಗಿರುವುದು ಊರಿನದೇ ಒಂದು ಸಣ್ಣ ಚಾನೆಲ್. ಅದಕ್ಕೇ ಯಾಕೆ ಇಷ್ಟು ಒದ್ದಾಟ ಎಂದು ಕೇಳಿದೆ. ಬಾಗಿಲ ಚಿಲಕವನ್ನು ನೋಡುತ್ತ ಹೇಳಿದರು. ಭಾನುವಾರ ನಾಲ್ಕು ಗಂಟೆಗೆ ಆ ಚಾನೆಲ್ಲಿನಲ್ಲಿ ಅವರ ತಂಗಿ ಬರುತ್ತಾಳಂತೆ. ಹಳೆಯ ಬಟ್ಟೆಗಳನ್ನು ಕತ್ತರಿಸಿ ಹೊಸದು ಹೊಲಿಯುವುದನ್ನು ತೋರಿಸುವ ನೇರ ಕಾರ್ಯಕ್ರಮ, ನೋಡುವವರು ಫೋನ್ ಮಾಡಿ ಕೇಳಬಹುದು, ಮರುಪ್ರಸಾರವಿಲ್ಲ. ದೊಡ್ಡಮ್ಮನ ಮಗಳು ಹೇಳಿದ ಸುದ್ದಿ. ಅಕ್ಕತಂಗಿಯರಿಗೆ ಮಾತು ನಿಂತು ಹನ್ನೆರಡು ವರ್ಷ. ತಾಯಿ ತೀರಿಕೊಂಡ ಮೇಲೆ, ಇಬ್ಬರೂ ಹೊಲಿಗೆ ಕಲಿತ ತಾಯಿಯ ಹೊಲಿಗೆ ಯಂತ್ರವನ್ನು ತಂಗಿ ಹೇಳದೆ ಕೇಳದೆ ಗಾಡಿಗೇರಿಸಿಕೊಂಡು ಹೋಗಿದ್ದಳು. ಈಗ ಅದೇ ಯಂತ್ರವನ್ನು ಟಿವಿಯಲ್ಲಿ ತೋರಿಸುತ್ತಾಳಂತೆ.

“ನಾನೇನು ಅವಳ ಮುಖ ನೋಡೋಕೆ ಸಾಯ್ತಿದೀನಿ ಅಂದ್ಕೋಬೇಡ. ಮಿಷನ್ ನೋಡ್ಬೇಕು. ಎಣ್ಣೆ ಕಂಡಿದೆಯೋ, ತುಕ್ಕು ಹಿಡಿದು ಕೂತಿದೆಯೋ. ಅಷ್ಟೆ.”

“ಪಕ್ಕದ ಮನೇಲಿ ನೋಡಬಹುದಲ್ಲಾ ಅಮ್ಮಾ,” ಎಂದೆ.

“ಅವರು ಟಿವಿ ನೋಡ್ತಾರೋ, ನನ್ನ ಮುಖ ನೋಡ್ತಾರೋ?”

ನಾನು ನನ್ನ ಕಾಗದಕ್ಕೆ ಶರಣಾದೆ: ಮೂರನೆಯ ಸೂಚನೆ. “ಎರಡೇ ನಿಮಿಷ ಅಮ್ಮಾ,” ಎಂದು ರಿಮೋಟನ್ನು ಶಸ್ತ್ರಚಿಕಿತ್ಸಕನ ಹಾಗೆ ಕೈಗೆತ್ತಿಕೊಂಡು, ಹುಡುಕಾಟದ ಗುಂಡಿ ಒತ್ತಿ, ಕಾಲು ಮೇಲೆ ಕಾಲು ಹಾಕಿ ಕುಳಿತೆ. ನಾನು ಮಾಡಿದ್ದೇನೆಂದರೆ: ಟಿವಿ ಅದುವರೆಗೆ ಬರೆದಿಟ್ಟುಕೊಂಡಿದ್ದ ನಲವತ್ತಮೂರು ಚಾನೆಲ್ಲುಗಳ ಪಟ್ಟಿಯನ್ನು ಅಳಿಸಿ, ಸಿಗ್ನಲ್ಲು ಸರಿಯಿಲ್ಲದ ಆ ಗಳಿಗೆಯಲ್ಲಿ ಯಾವುದು ಸಿಗುತ್ತದೋ ಅದನ್ನಷ್ಟೇ ಹೊಸದಾಗಿ ಬರೆದುಕೋ ಎಂದು ಅಪ್ಪಣೆ ಕೊಟ್ಟಿದ್ದೆ. ಟಿವಿ ವಿಧೇಯವಾಗಿ ಎರಡನ್ನು ಬರೆದುಕೊಂಡಿತು. ಒಂದರಲ್ಲಿ ಒಬ್ಬಾತ ಬೆಳಗಿನಿಂದ ಸಂಜೆಯವರೆಗೆ ಹಾಸಿಗೆ ಮಾರುತ್ತಿದ್ದ. ಇನ್ನೊಂದರಲ್ಲಿ ಎಲ್ಲಿನದೋ ಹವಾಮಾನದ ನಕ್ಷೆ, ಮಾತಿಲ್ಲದೆ.

ಮನೆಯೊಡತಿ ಬಹಳ ಹೊತ್ತು ಹಾಸಿಗೆಯವನನ್ನು ನೋಡಿದರು. “ಮೊದಲು ಒಂದೇ ಒಂದು ಇರಲಿಲ್ಲ. ಈಗ ಇವನನ್ನ ಬಿಟ್ಟು ಮಿಕ್ಕಿದ್ದು ಯಾವುದೂ ಇಲ್ಲ. ಇದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?”

ದಿನಕ್ಕೆ ನಲವತ್ತು ಜನರಿಗೆ ನಾನು ಏನು ಹೇಳುತ್ತ ಬಂದಿದ್ದೆ, ಅವರು ಮೂರನೆಯ ಸೂಚನೆಗೆ ಫೋನಿಡುತ್ತಿದ್ದುದು ಯಾಕೆ ಎಂಬುದು ನನಗೆ ಹೊಳೆದದ್ದು ಆಗ. ಅಂದು ಸಂಜೆ ಕೆಲಸದಿಂದ ನೇರವಾಗಿ ಕೊಕ್ಕರೆಯವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, “ಅವರು ಮೇಲಿದ್ದಾರೆ,” ಎಂದರು. ನಾನು ಗಂಭೀರನಾಗಿ ತಲೆ ತಗ್ಗಿಸಿದೆ. “ಅಯ್ಯೋ, ಆ ಮೇಲಲ್ಲ! ಎದುರುಮನೆ ತಾರಸಿ ಮೇಲೆ,” ಎಂದು ಆಕೆ ನಕ್ಕು ಒಳಗೆ ಕೂರಿಸಿದರು. ಆ ಮನೆಯಲ್ಲಿ ಟಿವಿ ಇರಲಿಲ್ಲ. ಟಿವಿ ಇರಬೇಕಾದ ಮೂಲೆಯಲ್ಲಿ ಒಂದು ಕುರ್ಚಿ ಇತ್ತು. “ಊರಿನ ಮನೆಗಳಿಗೆಲ್ಲ ಚಿತ್ರ ತಂದುಕೊಡ್ತಾರೆ. ಮನೆಗೆ ಬಂದು ಗೋಡೆ ನೋಡ್ತಾ ಕೂರ್ತಾರೆ,” ಎಂದರು ಆಕೆ, ದೂರೋ ಹೆಮ್ಮೆಯೋ ತಿಳಿಯದ ದನಿಯಲ್ಲಿ.

ಆ ಶನಿವಾರ, ಭಾನುವಾರ ನನಗೆ ಬೆಳಗಿನ ಪಾಳಿ. ಶನಿವಾರ ಮಧ್ಯಾಹ್ನ ಅವರು ಬಂದರು. ಹೊಸ್ತಿಲಿಗೆ ಹೆಬ್ಬೆರಳು ಒಪ್ಪಿಸಿ, ಒಳಗೆ ಬಂದು, ಹಾಸಿಗೆಯವನಿಗೆ ಬೆನ್ನು ಹಾಕಿ ನಿಂತರು.

“ಯಾವುದು ಮೊದಲು ಹೋಯ್ತಕ್ಕಾ?”

“ಅಕ್ಕ ಗಿಕ್ಕ ಎಲ್ಲ ಬೇಡ. ಈ ಮನೇಲಿ ನನ್ನನ್ನ ಹಾಗೆ ಕರೆಯೋರು ಯಾರೂ ಇಲ್ಲ.”

ಅವರು ಒಂದು ಕ್ಷಣ ಆ ಮುಖವನ್ನು ನೋಡಿದರು. “ಆಯ್ತು ಅಮ್ಮಾವ್ರೇ. ಯಾವುದು ಮೊದಲು ಹೋಯ್ತು?”

ಮನೆಯೊಡತಿ ಹೇಳಿದರು, ಯಂತ್ರದ ವಿಷಯವನ್ನೂ, ಭಾನುವಾರದ ನಾಲ್ಕು ಗಂಟೆಯನ್ನೂ, ತಾನು ಮಿಷನ್ ನೋಡುವುದಕ್ಕಷ್ಟೇ ಎಂಬುದನ್ನೂ. ಹೋದದ್ದು ಗುರುವಾರ ಮಧ್ಯಾಹ್ನ.

“ಗುರುವಾರ ಏನಾಯ್ತು?”

“ಏನೂ ಆಗಿಲ್ಲ.”

“ಏನಾದ್ರೂ ಆಗೇ ಇರುತ್ತೆ ಅಮ್ಮಾವ್ರೇ. ನಾವು ಗಮನ ಕೊಟ್ಟಿರಲ್ಲ.” ಅವರ ನೋಟ ಆಕೆಯ ಮುಖದಿಂದ ಹೊರಟು, ಕೋಣೆಯನ್ನು ನಿಧಾನವಾಗಿ ಸುತ್ತಿ, ಕೈ ಕಟ್ಟಿಕೊಂಡು ಪರಿಣತನಂತೆ ನಿಂತಿದ್ದ ನನ್ನ ಮುಖದ ಮೇಲೆ ಬಂದು ತಂಗಿತು. “ತಮ್ಮಾ, ನಿನಗೆ ವಾರದ ರಜೆ ಯಾವತ್ತು?”

ಗುರುವಾರ. ಆ ಪದ ನನ್ನ ಬಾಯಿಂದ ಹೊರಬೀಳುವ ಮುಂಚೆಯೇ ಇಡೀ ವಿಪತ್ತು ನನ್ನ ಕಣ್ಣ ಮುಂದೆ ಬಂದು ನಿಂತಿತು, ಒಂದು ಚೌಕವೂ ಒಡೆಯದೆ, ಸ್ಪಷ್ಟವಾಗಿ.

ತಾರಸಿಗೆ ಹೋದೆವು. ನೀರಿನ ತೊಟ್ಟಿಯ ಕೊಳವೆಯಿಂದ ಏರಿಯಲ್ಲಿನ ಕಂಬದವರೆಗೆ ನಾನು ಗುರುವಾರ ಕಟ್ಟಿದ್ದ ಹೊಸ ಹಗ್ಗ ಬಿಗಿಯಾಗಿ ನಿಂತಿತ್ತು. ಅದರ ಮೇಲೆ ನನ್ನ ದಪ್ಪ ಹೊದಿಕೆ, ಎರಡು ದಿನ ಕಳೆದರೂ ತೆಗೆಯಲು ನನ್ನ ಸೋಮಾರಿತನ ಬಿಡದೆ ತೂಗುತ್ತಿತ್ತು. ಸುತ್ತಲಿನ ಅಷ್ಟೂ ಮನೆಗಳ ಏರಿಯಲ್ಲುಗಳು, ಗದ್ದೆಯಲ್ಲಿಳಿದ ಕೊಕ್ಕರೆಗಳ ಹಿಂಡಿನಂತೆ, ಗುಡ್ಡದ ಗೋಪುರದ ಕಡೆ ಮುಖ ಮಾಡಿ ನಿಂತಿದ್ದವು. ನಮ್ಮದು ಮಾತ್ರ ಎದುರುಮನೆಯ ಅಡುಗೆಕೋಣೆಯ ಕಿಟಕಿಯೊಳಗೆ ಇಣುಕುತ್ತಿತ್ತು. ದಿನಕ್ಕೆ ನಲವತ್ತು ಜನರಿಗೆ ಟಿವಿಯ ಬಗ್ಗೆ ಬುದ್ಧಿ ಹೇಳಿ ಅನ್ನ ತಿನ್ನುವವನು ತನ್ನ ಹಸಿ ಬಟ್ಟೆಯ ಭಾರವನ್ನೆಲ್ಲ ಟಿವಿಯ ಏರಿಯಲ್ಲಿಗೇ ನೇತುಹಾಕಿದ್ದ. ಕೊಕ್ಕರೆಯವರು ಹೊದಿಕೆಯನ್ನು ನೋಡಿದರು, ಕಂಬವನ್ನು ನೋಡಿದರು, ಹೊದಿಕೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರು.

“ಹೊದಿಕೆ ಚೆನ್ನಾಗಿದೆ. ದಪ್ಪ ಇದೆ.”

ನನ್ನ ಜೀವಮಾನದಲ್ಲಿ ನಾನು ತಿಂದ ಬೈಗುಳಗಳಲ್ಲಿ ಇದಕ್ಕಿಂತ ಭಾರವಾದದ್ದು ಇನ್ನೊಂದಿಲ್ಲ.

“ಈಗ ಕೆಳಗೆ ಹೋಗಿ ಅವರನ್ನ ಕರ್ಕೊಂಡು ಬಾ,” ಎಂದರು. ಇದು ಅವರ ಇನ್ನೊಂದು ಹಟ. ಕೆಟ್ಟದ್ದು ಯಾಕೆ ಕೆಟ್ಟಿತೆಂದು ಮನೆಯವರು ಕಣ್ಣಾರೆ ನೋಡುವವರೆಗೂ ಅವರು ಅದನ್ನು ಸರಿಮಾಡುತ್ತಿರಲಿಲ್ಲ. ಕಾರಣ ಕಾಣದ ರಿಪೇರಿ ಅರ್ಧ ರಿಪೇರಿ ಎಂಬುದು ಅವರ ಸಿದ್ಧಾಂತ.

“ಸಾರ್, ಅವರಿಗೆ ಮಂಡಿನೋವು,” ಎಂದೆ. “ಗಾಳಿಗೆ ತಿರುಗಿದೆ ಅಂತ ಹೇಳ್ಬಿಡಿ ಸಾರ್. ನನ್ನನ್ನ ಕೋಣೆ ಖಾಲಿ ಮಾಡಿಸ್ತಾರೆ.”

“ಗಾಳಿಗೆ ಬಾಯಿಲ್ಲ ಅಂತ ಅದರ ಮೇಲೆ ಹಾಕೋದಾ?”

ಮನೆಯೊಡತಿ ಮೂವತ್ತೆರಡು ಮೆಟ್ಟಿಲುಗಳನ್ನು ನಾಲ್ಕು ಕಡೆ ನಿಂತು ಹತ್ತಿದರು. ಕೊಕ್ಕರೆಯವರು ನನ್ನ ಕಡೆ ಹೆಬ್ಬೆಟ್ಟು ತೋರಿಸಿದರು. ನಾನು ಹಗ್ಗದ ಆದಿಯಿಂದ ಹೊದಿಕೆಯ ಅಂತ್ಯದವರೆಗೆ ಎಲ್ಲವನ್ನೂ ಒಪ್ಪಿಸಿದೆ. ಆಕೆ ಕೇಳಿಸಿಕೊಂಡು, ಉಸಿರು ಸುಧಾರಿಸಿಕೊಂಡು, ಒಂದೇ ಪದ ಹೇಳಿದರು: “ಸಹಾಯವಾಣಿ!” ಅಂದಿನಿಂದ ಆ ಮನೆಯಲ್ಲಿ ನನಗೆ ಅದೇ ಹೆಸರು.

ಕಂಬವನ್ನು ಗೋಪುರದ ಕಡೆ ತಿರುಗಿಸಿ ಬಿಗಿಮಾಡಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಕಂಬದ ಬುಡದಲ್ಲಿ ಕೇಬಲ್ಲಿನ ಜಂಟಿಯನ್ನು ಬಿಚ್ಚಿ, ತುದಿಯನ್ನು ಸುಲಿದು, ಮೂಗಿನ ಹತ್ತಿರ ಹಿಡಿದರು. ತಾಮ್ರ ಒದ್ದೆಯಾಗಿ ಮಂಕಾಗಿತ್ತು. ಅಲುಗಿಸಿದರೆ ಒಂದು ಹನಿ ನೀರು ತೊಟ್ಟಿಕ್ಕಿತು. ಕಂಬ ಹೊರಳಿದಾಗ ಜಂಟಿಯ ಟೇಪು ಹರಿದು, ಮೇಲಿಂದ ಹೊದಿಕೆ ಎರಡು ದಿನ ನೀರು ಕುಡಿಸಿತ್ತು. ಮೇಲಿಂದ ಕೆಳಗಿನವರೆಗೆ ಇಡೀ ಕೇಬಲ್ ಬದಲಾಯಿಸಬೇಕು, ನಾಳೆ ಮಧ್ಯಾಹ್ನ ತರುತ್ತೇನೆ ಎಂದರು.

“ನಾಳೆ ನಾಲ್ಕಕ್ಕೆ...” ಎಂದರು ಮನೆಯೊಡತಿ.

“ಅದು ಬಂದಿದೆ ಅಮ್ಮಾವ್ರೇ. ಬಾಗಿಲಲ್ಲೇ ನಿಂತಿದೆ.”

ನಾನು ಪ್ರಾಯಶ್ಚಿತ್ತದ ಉತ್ಸಾಹದಲ್ಲಿ, ಅಲ್ಲಿಯವರೆಗೆ ಇನ್ನೊಮ್ಮೆ ಹುಡುಕಿಸಿ ನೋಡಲೇ ಎಂದು ಕೇಳಿದೆ.

“ಮುಟ್ಟಬೇಡ. ದಾರಿ ಕಿತ್ತುಹೋಗಿರುವಾಗ ಹಾಜರಿ ಕೂಗಿದ್ರೆ, ಬರಲಾಗದೆ ನಿಂತೋರನ್ನೆಲ್ಲ ಸತ್ತೋರ ಪಟ್ಟಿಗೆ ಸೇರಿಸ್ತೀಯ.”

ಭಾನುವಾರ ಮೂರು ಗಂಟೆಗೆ ಅವರು ಹೆಗಲಿಗೆ ಕೇಬಲ್ ಸುರುಳಿ ಹಾಕಿಕೊಂಡು ಬಂದರು. ಮಧ್ಯಾಹ್ನದಿಂದ ಮನೆಯೊಡತಿ ಕುರ್ಚಿಯ ಅಂಚಿನಲ್ಲೇ ಕುಳಿತಿದ್ದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು, ಅದನ್ನು ನಾನು ಗಮನಿಸಿದೆನೆಂದು ತಿಳಿದು ನನ್ನನ್ನು ನೀರು ತರಲು ಕಳಿಸಿದರು. ಮೂರೂ ನಲವತ್ತಕ್ಕೆ ಕೇಬಲ್ ಗೋಡೆಗುಂಟ ಇಳಿದು ಟಿವಿಯ ಬೆನ್ನಿಗೆ ಸೇರಿತು. ಆ ಕೊನೆಯ ತಿರುಪನ್ನೂ ಅವರು ಪರದೆಯ ಕಡೆ ನೋಡದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಬಿಗಿದರು. ಆಮೇಲೆ ನನ್ನತ್ತ ತಿರುಗಿದರು.

“ಈಗ ಕೂಗು ಹಾಜರಿ.”

ನಾನು ಗುಂಡಿ ಒತ್ತಿದೆ. ಸಾವಿರಾರು ಜನರಿಗೆ ಒತ್ತಲು ಹೇಳಿದ ಗುಂಡಿ. ಪರದೆಯ ಮೇಲೆ ಹಳದಿ ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಶೇಕಡ ಹನ್ನೆರಡಕ್ಕೆ ಹಾಸಿಗೆಯವನು ಸಿಕ್ಕಿದ. ಇಪ್ಪತ್ತೊಂಬತ್ತಕ್ಕೆ ಹದಿನೇಳು ಚಾನೆಲ್. ಅರವತ್ತೊಂದರಲ್ಲಿ ಗೆರೆ ನಿಂತಿತು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಒಂಬತ್ತು ನಿಮಿಷ.

“ನಿಂತುಹೋಯ್ತಾ?” ಮನೆಯೊಡತಿ ಕುರ್ಚಿಯಿಂದ ಅರ್ಧ ಎದ್ದರು.

“ಇಲ್ಲ, ಅದು ಬರ್ತಾ ಇದೆ,” ಎಂದರು ಕೊಕ್ಕರೆಯವರು, ಗೆರೆಯನ್ನು ನೋಡದೆ, ಆಕೆಯ ಮುಖವನ್ನೇ ನೋಡುತ್ತ. ಜೇಬಿನಿಂದ ಸಾಕ್ಷಿಯನ್ನೂ ತೆಗೆಯಲಿಲ್ಲ. ತನ್ನ ಕೈಕೆಲಸದ ಮೇಲೆ ಅಷ್ಟು ನಿರಾತಂಕವಾದ ಭರವಸೆ ಇಟ್ಟ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಮ್ಮ ಕಚೇರಿಯಲ್ಲಿ ಭರವಸೆ ಎಂಬುದು ಕಾಗದದಲ್ಲಿ ಬರೆದ, ಯಾರೂ ತಲುಪದ ಐದನೆಯ ಸೂಚನೆ. ಗೆರೆ ಮತ್ತೆ ಅಲುಗಿತು. ನಾಲ್ಕಕ್ಕೆ ಮೂರು ನಿಮಿಷವಿರುವಾಗ ನೂರು ಮುಟ್ಟಿತು: ನಲವತ್ತಾರು ಚಾನೆಲ್, ಮೊದಲಿಗಿಂತ ಮೂರು ಹೆಚ್ಚು. ನಾನು ಆ ಸಣ್ಣ ಚಾನೆಲ್ಲಿನ ಅಂಕೆ ಒತ್ತಿದೆ. ಸೋಪಿನ ಜಾಹೀರಾತೊಂದು, ಜಗತ್ತಿನ ಅತ್ಯಂತ ಸುಂದರ ಜಾಹೀರಾತು, ಒಂದು ಚೌಕವೂ ಒಡೆಯದೆ ಹರಿಯುತ್ತಿತ್ತು.

ಕಾರ್ಯಕ್ರಮದ ಸಂಗೀತ ಶುರುವಾಯಿತು. ಆಗ ನಡೆದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮನೆಯೊಡತಿ ಪರದೆಯಿಂದ ಕಣ್ಣು ಕಿತ್ತು, ಎದುರಿಗೆ ತನ್ನ ಮುಖವನ್ನೇ ನೋಡುತ್ತ ನಿಂತ ಈ ಉದ್ದ ಕತ್ತಿನ ಮನುಷ್ಯನನ್ನು ನೋಡಿದರು. ಬೇಡವೆಂದು ಹೇಳಲಾರದ, ಇರಲಿ ಎಂದೂ ಹೇಳಲಾರದ ನೋಟ. ಕೊಕ್ಕರೆಯವರು ಅದನ್ನು ಕಂಡರು. ಮುಖಗಳನ್ನು ಓದುವುದೇ ಅವರ ವಿದ್ಯೆಯಲ್ಲವೇ. ತಮ್ಮ ಉದ್ದನೆಯ ಕಾಲುಗಳ ಮೇಲೆ ಹೊರಳಿ, ಆಕೆಗೆ ಬೆನ್ನು ಹಾಕಿ, ಟಿವಿಯ ಕಡೆ ತಿರುಗಿ ನಿಂತರು. ನನ್ನ ಭುಜ ಹಿಡಿದು ನನ್ನನ್ನೂ ತಿರುಗಿಸಿದರು.

ಹಾಗಾಗಿ ಮನೆಯೊಡತಿಯ ಮುಖದಲ್ಲಿ ಆಗ ಏನಿತ್ತೆಂದು ನಾನು ಹೇಳಲಾರೆ. ಪರದೆಯಲ್ಲಿ ಇದ್ದದ್ದನ್ನು ಹೇಳಬಲ್ಲೆ. ಮೇಜಿನ ಮೇಲೆ ಹೊಳೆಯುವ ಕಪ್ಪು ಹೊಲಿಗೆ ಯಂತ್ರ. ಅದರ ಹಿಂದೆ ಆಕೆಯದೇ ಮೂಗು, ಆಕೆಯದೇ ಗದ್ದವಿರುವ, ಸ್ವಲ್ಪ ಕಿರಿಯ ಹೆಂಗಸು. “ಇದು ನಮ್ಮಮ್ಮನ ಮಿಷನ್,” ಎಂದಳು ಪರದೆಯಾಕೆ, ಚಕ್ರದ ಮೇಲೆ ಕೈಯಿಟ್ಟು. “ಅಕ್ಕನಿಗೆ ಹೇಳದೆ ಎತ್ಕೊಂಡು ಬಂದಿದ್ದು. ಅದಕ್ಕೇ ಭಯ, ದಿನಾ ಎಣ್ಣೆ ಹಾಕ್ತೀನಿ.”

ನಮ್ಮ ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಮೂಗು ಸೀಟಿಕೊಂಡ ಸದ್ದು. ಆಮೇಲೆ ದನಿ.

“ದಿನಾ ಹಾಕಬಾರದು. ವಾರಕ್ಕೊಂದು ಸಲ ಸಾಕು. ದಿನಾ ಹಾಕಿದ್ರೆ ಬಟ್ಟೆಗೆ ಕಲೆ ಆಗುತ್ತೆ. ಅಮ್ಮ ಎಷ್ಟು ಸಲ ಹೇಳಿದ್ರೂ ಇವಳ ತಲೆಗೆ ಹೋಗ್ಲಿಲ್ಲ.” ಆಮೇಲೆ, “ಸಹಾಯವಾಣಿ, ಆ ಕೆಳಗಿರೋ ನಂಬರಿಗೆ ಫೋನ್ ಮಾಡು.”

ಮಾಡಿದೆ. ‘ನಿಮ್ಮ ಕರೆ ಸರದಿಯಲ್ಲಿದೆ, ದಯವಿಟ್ಟು ಕಾಯಿರಿ’ ಎಂದಿತು ಒಂದು ಹೆಣ್ಣುದನಿ. ಆ ವಾಕ್ಯವನ್ನು ಕೇಳುವ ತುದಿಯಲ್ಲಿ ನಾನು ನಿಂತದ್ದು ಅದೇ ಮೊದಲು. ಹನ್ನೊಂದು ನಿಮಿಷ ಕಾದೆವು. ಸರದಿ ಬರುವ ಹೊತ್ತಿಗೆ, ಫೋನು ಟಿವಿಯ ಹತ್ತಿರವಿದ್ದರೆ ಎರಡೂ ಸೇರಿ ಕೀರಲು ದನಿಯಲ್ಲಿ ಕೂಗುತ್ತವೆಂಬ, ನನ್ನ ಕಸುಬಿನಲ್ಲಿ ನಾನು ಕಲಿತ ಒಂದೇ ಒಂದು ನಿಜ ನೆನಪಿಗೆ ಬಂದು, ಟಿವಿಯ ಸದ್ದು ತಗ್ಗಿಸಿ ಫೋನನ್ನು ಬಾಗಿಲ ಬಳಿ ಒಯ್ದು, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಅಲ್ಲಿಗೆ ಎದ್ದುಬಂದ ಮನೆಯೊಡತಿಯ ಕೈಗಿತ್ತೆ.

“ಹಲೋ, ಹೇಳಿ, ಯಾರು ಮಾತಾಡ್ತಿರೋದು?”

“ದಿನಾ ಎಣ್ಣೆ ಹಾಕಬಾರದು ಕಣೇ.”

ನೇರ ಪ್ರಸಾರವೆಂದರೂ ಚಿತ್ರ ಸಿದ್ಧವಾಗಿ ಗಾಳಿಗೇರಿ ಬರಲು ಕೆಲವು ಕ್ಷಣ ತಡವಾಗುತ್ತದೆ. ಫೋನಿಗೆ ಆ ತಡವಿಲ್ಲ. ಆದ್ದರಿಂದ “ಅಕ್ಕಾ?” ಎಂಬ ಪದ ಮೊದಲು ಫೋನಿನಲ್ಲಿ ಕೇಳಿತು. ಪರದೆಯ ಹೆಂಗಸು ಆಗ ಇನ್ನೂ ಏನೂ ತಿಳಿಯದೆ ನಗುತ್ತಿದ್ದಳು. ಮೂರು ಕ್ಷಣ ಕಳೆದು ಅವಳ ಕೈ ಚಕ್ರದ ಮೇಲೆ ನಿಂತಿತು, ಹುಬ್ಬು ಇಳಿಯಿತು, ಬಾಯಿ ಚೂರು ತೆರೆಯಿತು, ಮತ್ತು ಟಿವಿಯಿಂದ, ಸಣ್ಣ ದನಿಯಲ್ಲಿ, ಮತ್ತೊಮ್ಮೆ: “ಅಕ್ಕಾ?”

ಯಾರೂ ಹಾಗೆ ಕರೆಯದ ಮನೆಯಲ್ಲಿ ಆ ಪದ ಎರಡು ಬಾರಿ ಕೇಳಿತ್ತು.

“ಬಂತು,” ಎಂದರು ಕೊಕ್ಕರೆಯವರು. ಆಮೇಲೆ ನನ್ನ ಕಿವಿಯ ಬಳಿ ಬಗ್ಗಿ, ನಿಜವಾದ ಅಚ್ಚರಿಯಿಂದ, “ಅಲ್ಲಾ ತಮ್ಮಾ, ಈಗಿನ ಟಿವಿಲಿ ಇಷ್ಟೊಂದು ಬಣ್ಣ ಬರುತ್ತಾ?” ಎಂದು ಪಿಸುಗುಟ್ಟಿದರು. ಹಳೆಯ ಕೇಬಲ್ಲನ್ನು ಸುತ್ತಿ ಹೆಗಲಿಗೇರಿಸಿ, ಬಾಗಿಲ ಬಳಿ ಎಣ್ಣೆಯ ಶಾಸ್ತ್ರ ಹೇಳುತ್ತ ನಿಂತಿದ್ದ ಮನೆಯೊಡತಿಯ ಪಕ್ಕದಿಂದ ಸದ್ದಿಲ್ಲದೆ ಜಾರಿ, ಹೊಸ್ತಿಲಿಗೆ ಹೆಬ್ಬೆರಳನ್ನು ಒಪ್ಪಿಸಿ, ಕತ್ತೆತ್ತಿಕೊಂಡು ಬೀದಿಯಲ್ಲಿ ಹೊರಟುಹೋದರು.

ನಾನು ಇನ್ನೂ ಅದೇ ಸಹಾಯವಾಣಿಯಲ್ಲಿದ್ದೇನೆ. ಕಾಗದದ ಮೂರನೆಯ ಸೂಚನೆಯನ್ನು ನನ್ನಷ್ಟಕ್ಕೆ ನಾನೇ ಆರನೆಯ ಜಾಗಕ್ಕೆ ಇಳಿಸಿಕೊಂಡಿದ್ದೇನೆ, ಮೊದಲಿಗೆ, “ಈಚೆಗೆ ತಾರಸಿಯಲ್ಲಿ ಯಾರಾದರೂ ಬಟ್ಟೆ ಒಣಹಾಕಿದ್ದರೇ?” ಎಂದು ಕೇಳುತ್ತೇನೆ. ಮೇಲಧಿಕಾರಿ ಎರಡು ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಆದರೆ ಈಗ ಜನ ನನ್ನೊಡನೆ ಕೊನೆಯವರೆಗೂ ಮಾತಾಡುತ್ತಾರೆ.

ಲೋಕದಲ್ಲಿ ಹೀಗೆ ಕೆಲವರಿರುತ್ತಾರೆ. ದೀಪ ಹಚ್ಚುವವರಲ್ಲ, ಹಾಡುವವರಲ್ಲ, ಪರದೆಯ ಮೇಲೆ ಮುಖ ತೋರುವವರೂ ಅಲ್ಲ. ಎಲ್ಲಿಂದಲೋ ಹೊರಟು ಬಂದು ಬಾಗಿಲಲ್ಲಿ ನಿಂತದ್ದಕ್ಕೂ ಒಳಗೆ ಕಾದು ಕುಳಿತವರಿಗೂ ನಡುವಿನ ನಾಲ್ಕು ಮಾರು ದಾರಿಯನ್ನು ಸರಿಮಾಡಿ ಕೊಡುವವರು. ಹೋಯಿತೆಂದು ನಾವು ಪಟ್ಟಿಯಿಂದ ಅಳಿಸಿಬಿಟ್ಟದ್ದನ್ನು ಅವರು ಹೋಗಿದೆಯೆಂದು ಒಪ್ಪುವುದಿಲ್ಲ. ಬಂದದ್ದು ಏನೆಂಬ ಕುತೂಹಲವೂ ಅವರಿಗಿಲ್ಲ. ಅದು ಬಂದಾಗ ನಮ್ಮ ಮುಖದಲ್ಲಿ ಮೂಡುವ ಬೆಳಕೇ ಅವರ ಕೂಲಿ. ಅಂಥವರಲ್ಲಿ ಅತ್ಯುತ್ತಮರು ಯಾರೆಂದರೆ, ಆ ಕೂಲಿಯನ್ನೂ ಬಿಟ್ಟು ಬೆನ್ನು ತಿರುಗಿಸಿ ನಿಲ್ಲಬೇಕಾದ ಗಳಿಗೆ ಯಾವುದೆಂದು ಬಲ್ಲವರು.